ಕಂಪನಿಗೆ ಮಾಡಿದ ಆಯೇರಿ

ಕಲ್ಲಿನಾಥನಿಗೆ ಬುದ್ಧಿ ಕಡಿಮೆ ಎಂದು ಯಾರಾದರೂ ಅಂದರೆ ಮಂಠಾಳದವರು ಒಪ್ಪುವುದಿಲ್ಲ. ಬುದ್ಧಿ ಅವನಿಗೆ ಬೇಕಾದಷ್ಟಿತ್ತು. ಬೇಡವಾದಾಗಲೂ ಬರುತ್ತಿತ್ತು, ತೊಂದರೆ ಇದ್ದದ್ದು ಅಲ್ಲಿಯೇ.

ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಅವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಆ ಕೆಲಸಕ್ಕೆ ಸರ್ಕಾರದ ಸರ್ಟಿಫಿಕೇಟ್ ಬೇಕು, ಅದು ಇದ್ದವರು ಆ ಕಡೆ ಹುಡುಕಿದರೂ ಸಿಗುವುದಿಲ್ಲ. ದೀಪಾವಳಿಯ ಹೊತ್ತಿಗೆ ಇಬ್ಬರು ಬಾಯ್ಲರಿನವರು ಹೇಳದೆ ಕೇಳದೆ ಹೈದರಾಬಾದಿಗೆ ಹೋಗಿಬಿಟ್ಟಾಗ ಕಂಪನಿಗೆ ನಡುಕ ಹುಟ್ಟಿತು. ಮ್ಯಾನೇಜರ್ ಅಶೋಕಕುಮಾರ ಸಾಹೇಬರು ಕಲ್ಲಿನಾಥನನ್ನು ಕರೆದು, ಕುರ್ಚಿ ಕೊಟ್ಟು, ಇಂಗ್ಲಿಷಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇದಕ್ಕೆ ರಿಟೆನ್ಷನ್ ಬೋನಸ್ ಅನ್ನುತ್ತಾರೆ, ನೀನು ಬಿಟ್ಟು ಹೋಗಬಾರದು ಅಂತ ಕೊಡುವ ದುಡ್ಡು, ಎರಡು ವರ್ಷದೊಳಗೆ ಹೋದರೆ ವಾಪಸ್ ಕಟ್ಟಬೇಕು ಎಂದು ಕನ್ನಡದಲ್ಲಿಯೂ ಬಿಡಿಸಿ ಹೇಳಿದರು. ಆದರೆ ಅಷ್ಟರಲ್ಲಿ ಕಲ್ಲಿನಾಥ ಕಾಗದದೊಳಗಿನ ಅರವತ್ತು ಸಾವಿರ ಎಂಬ ಅಂಕಿಯನ್ನು ನೋಡಿಬಿಟ್ಟಿದ್ದ. ಆಮೇಲಿನ ಮಾತು ಅವನ ಕಿವಿಯವರೆಗೆ ಬಂದು ಹೊರಗೇ ನಿಂತಿತು.

ಊರಿಗೆ ಬಂದವನೇ ಹೋಟೆಲಿನ ಮುಂದೆ ನಿಂತು, "ಕಂಪನಿ ನನಗ ಇನಾಮು ಕೊಟ್ಟದ" ಎಂದ.

ಇನಾಮು! ಅವನ ಅಪ್ಪನ ತಮ್ಮ ಪಂಡರಿ ಕಾಕಾ ಕೈಯಲ್ಲಿದ್ದ ಚಹಾ ಕೆಳಗಿಟ್ಟು ಎದ್ದು ನಿಂತ. "ನಿಜಾಮನ ಕಾಲದಾಗ ನಮ್ಮ ಮುತ್ಯಾಗ ಇನಾಮು ಬರೋದಿತ್ತು, ಜರಾ ತಪ್ಪಿತ್ತು. ಈಗ ಬಂತು ನೋಡ್ರೆಪ್ಪಾ ನಮ್ಮ ಮನಿತನಕ್ಕ!" ಎಂದು ಅಲ್ಲೇ ತನ್ನ ಹೆಗಲ ಮೇಲಿನ ಶಾಲನ್ನು ತೆಗೆದು ಕಲ್ಲಿನಾಥನಿಗೆ ಹೊದಿಸಿದ. ಹೊದಿಸಿಕೊಂಡವನು ಸುಮ್ಮನಿರಲಾದೀತೆ? ಊರಿಗೆಲ್ಲ ಭಜಿ, ಚಹಾ ಕೊಡಿಸಿದ. ಉಳಿದದ್ದರಲ್ಲಿ ಆಡಿನ ದೊಡ್ಡಿಗೆ ತಗಡು ಹೊದಿಸಿದ, ಒಂದು ಫ್ರಿಜ್ ತಂದ. ಸಂಕ್ರಾಂತಿಯ ಹೊತ್ತಿಗೆ ಇನಾಮು ಮುಗಿದು, ಇನಾಮುದಾರನೆಂಬ ಹೆಸರು ಮಾತ್ರ ಉಳಿದಿತ್ತು.

ಹೆಂಡತಿ ಚಂದಮ್ಮ ಆಡು ಕಾಯುವವಳು. ಅವಳಿಗೆ ಇನಾಮು ಬೇಕಿರಲಿಲ್ಲ, ಗಂಡ ಬೇಕಾಗಿದ್ದ. ಕಲ್ಲಿನಾಥ ಮಂಠಾಳದಿಂದ ಬಸವಕಲ್ಯಾಣಕ್ಕೆ, ಅಂದರೆ ಆ ಕಡೆಯವರ ಬಾಯಲ್ಲಿ ಬರೀ ಕಲ್ಯಾಣಕ್ಕೆ, ಒಂದು ಬಸ್ಸು ಹಿಡಿದು, ಅಲ್ಲಿಂದ ಹುಮನಾಬಾದಿಗೆ ಇನ್ನೊಂದು ಹಿಡಿದು, ಪಾಳಿ ಮುಗಿಸಿ ಬರುವ ಹೊತ್ತಿಗೆ ಇವಳು ಆಡು ಹೊಡೆದುಕೊಂಡು ಅಡವಿಗೆ ಹೊರಟಿರುತ್ತಿದ್ದಳು. ಇವಳು ಬರುವ ಹೊತ್ತಿಗೆ ಅವನು ಹೋಗಿರುತ್ತಿದ್ದ. ಎರಡು ವರ್ಷದ ಮಗಳು ಸೋನಾಲಿಗೆ ಅಪ್ಪ ಎಂದರೆ ಬಸ್ಸಿನಿಂದ ಇಳಿಯುವ ಯಾರೋ ಒಬ್ಬ ಎಂದಷ್ಟೇ ಗೊತ್ತಿತ್ತು. ಒಂದು ದಿನ ಅವಳು ಕಂಡಕ್ಟರನನ್ನು "ಅಪ್ಪಾ" ಎಂದು ಕರೆದು ತೊಡೆಗೆ ತೆಕ್ಕೆ ಬಿದ್ದಾಗ ಚಂದಮ್ಮನ ತಾಳ್ಮೆ ತಪ್ಪಿತು.

"ಸಾಕ್ರಿ ಹುಮನಾಬಾದ. ಕಲ್ಯಾಣದಾಗ ಚನ್ನಬಸಪ್ಪನವರ ಹಾಲಿನ ಡೇರಿಗಿ ಬಾಯ್ಲರ್ ನೋಡವ್ರು ಬೇಕಾಗ್ಯಾರಂತ. ಮುಂಜಾನಿ ಹೋಗಿ ಸಂಜೀಕ ಬರೂ ಕೆಲಸ. ಇವತ್ತೇ ಕೇಳಿ ಬರ್ರಿ."

ಚನ್ನಬಸಪ್ಪನವರು ಖುಷಿಯಿಂದಲೇ ಒಪ್ಪಿದರು. ಒಂದೇ ಷರತ್ತು: ಒಂದನೇ ತಾರೀಖಿಗೆ ಹಾಜರಾಗಬೇಕು, ಬರುವಾಗ ಹಳೆ ಕಂಪನಿಯ ಬಿಡುಗಡೆ ಪತ್ರ ತರಬೇಕು, ಇಲ್ಲದಿದ್ದರೆ ಬೀದರಿನಿಂದ ಇನ್ನೊಬ್ಬ ಬರಲು ತಯಾರಿದ್ದಾನೆ. ಹಳೆ ಕಂಪನಿಯ ಆಫೀಸಿನಲ್ಲಿ ಕೆಲಸಗಾರರ ವಹಿವಾಟು ನೋಡುವ ಪೂನಂ ಮೇಡಂ ಇನ್ನೂ ಚೊಕ್ಕವಾಗಿ ಹೇಳಿದಳು: ತಿಂಗಳ ಕೊನೆಯ ಶುಕ್ರವಾರದೊಳಗೆ ಬೋನಸ್ಸಿನ ಅರವತ್ತು ಸಾವಿರ ಕಂಪನಿಯ ಖಾತೆಗೆ ಬಂದರೆ ಅದೇ ಗಳಿಗೆ ಪತ್ರ, ಬರದಿದ್ದರೆ ಇಲ್ಲ.

ಬಕ್ರೀದ್ ಹತ್ತಿರ ಬಂದಿತ್ತು, ರೇಟು ಚಲೋ ಇತ್ತು. ಚಂದಮ್ಮ ತಾನೇ ಸಾಕಿದ ಹೋತಗಳನ್ನು ವ್ಯಾಪಾರಿ ಗಯಾಸುದ್ದೀನನಿಗೆ ಕೊಟ್ಟು, ನೋಟುಗಳನ್ನು ಗಂಡನ ಕೈಗೆ ಹಾಕಿದಳು. ಮುಖವನ್ನು ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದಳು. "ಕಂಪನಿ ರೊಕ್ಕ ಕಂಪನಿಗಿ ಕಟ್ಟಿ ಬರ್ರಿ. ಮತ್ತ ಮಾರಾಕ ನನ್ನ ಹಂತೇಕ ಹೋತ ಉಳಿದಿಲ್ಲ."

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಬ್ಯಾಂಕಿಗೆ ಹೋಗಿ ಕಟ್ಟಿದರೆ ಮುಗಿಯುತ್ತಲೂ ಇತ್ತು. ಆದರೆ ಬ್ಯಾಂಕಿನ ಮೆಟ್ಟಿಲ ಮೇಲೆ ಪಂಡರಿ ಕಾಕಾ ಕುಳಿತಿದ್ದ.

"ಏನಪಾ ಇನಾಮುದಾರ, ರೊಕ್ಕ ಇಡಾಕ ಬಂದಿಯೋ, ತಗಿಯಾಕ ಬಂದಿಯೋ?"

ಇನಾಮನ್ನು ಹಿಂದಕ್ಕೆ ಕೊಡಲು ಬಂದಿದ್ದೇನೆ ಎಂದು ಹೇಗೆ ಹೇಳುವುದು? ಶಾಲು ಹೊದಿಸಿದವನು ಎದುರಿಗೇ ಕುಳಿತಿದ್ದಾನೆ. ತಿಂದ ಭಜಿಯ ನೆನಪು ಊರಿನಲ್ಲಿ ಇನ್ನೂ ಹಸಿಯಾಗಿದೆ. ಕಲ್ಲಿನಾಥ "ಸುಮ್ಮ ಬಂದಿದ್ದೆ ಕಾಕಾ" ಎಂದು ಮೆಟ್ಟಿಲು ಹತ್ತದೆ ಹಿಂದಿರುಗಿದ. ದಾರಿಯಲ್ಲಿ ಅವನಿಗೆ ಬುದ್ಧಿ ಬಂತು.

ಮ್ಯಾನೇಜರ್ ಸಾಹೇಬರ ಮನೆ ಇದ್ದದ್ದು ಕಲ್ಯಾಣದಲ್ಲಿ. ಆ ಭಾನುವಾರ ಅವರ ಮಗಳ ಮದುವೆ ಅಲ್ಲೇ ಇತ್ತು, ಕಾರ್ಖಾನೆಯವರಿಗೆಲ್ಲ ಕರೆ ಬಂದಿತ್ತು. ಆ ಸೀಮೆಯ ಮದುವೆಗಳಲ್ಲಿ ಬಂದವರು ಬಟ್ಟೆ, ಭಾಂಡೆ, ರೊಕ್ಕ ಕೊಡುತ್ತಾರೆ, ಅದಕ್ಕೆ ಆಯೇರಿ ಎನ್ನುತ್ತಾರೆ. ಆಯೇರಿ ಅಂದರೆ ದಾನವಲ್ಲ. ನೀವು ನಮ್ಮ ಮನೆಯ ಕಾರ್ಯದಲ್ಲಿ ಹಾಕಿದ್ದನ್ನು ನಾವು ನಿಮ್ಮ ಮನೆಯ ಕಾರ್ಯದಲ್ಲಿ ತಿರುಗಿ ಹಾಕಿದರೆ ಹಿಸಾಬು ಚುಕ್ತಾ. ಕೊಟ್ಟದ್ದು ಸಾಹೇಬರು, ಕಾರ್ಯ ಸಾಹೇಬರದು, ಅಂದಮೇಲೆ ಬೋನಸ್ಸನ್ನು ಆಯೇರಿಯಾಗಿ ಹಾಕಿಬಿಟ್ಟರೆ ಋಣವೂ ಹರಿಯಿತು, ಇಜ್ಜತ್ತೂ ಉಳಿಯಿತು! ಕಲ್ಲಿನಾಥ ತನ್ನ ತಲೆಯನ್ನು ತಾನೇ ಸವರಿಕೊಂಡ. ಚಂದಮ್ಮನಿಗೆ ಹೇಳಲಿಲ್ಲ, ಹೆಂಗಸರಿಗೆ ಇಂಥ ದೊಡ್ಡ ವ್ಯವಹಾರ ತಿಳಿಯುವುದಿಲ್ಲ ಎಂಬುದು ಅವನ ನಂಬಿಕೆ. ಈ ನಂಬಿಕೆ ಇರುವ ಗಂಡಸರಿಗೆ ಏನಾಗುತ್ತದೆಂದು ಲೋಕಕ್ಕೆ ಗೊತ್ತು, ಅವರಿಗಷ್ಟೇ ಗೊತ್ತಿಲ್ಲ.

ಮದುವೆ ಭರ್ಜರಿಯಾಗಿತ್ತು. ಅಕ್ಷತೆ ಬಿದ್ದಮೇಲೆ ಮಾಣಿಕಪ್ಪ ಮಾಸ್ತರರು ಮೈಕು ಹಿಡಿದರು. ಶಾಲೆಯಿಂದ ನಿವೃತ್ತರಾದ ಮೇಲೆ ತಾಲೂಕಿನ ಯಾವ ಕಾರ್ಯದಲ್ಲಿಯೂ ಆಯೇರಿ ಕೂಗುವವರು ಅವರೇ. ಮೈಕಿನ ಹತ್ತಿರ ಯಾರು ಏನು ಅಂದರೂ ಅದನ್ನು ಊರಿಗೆ ಕೇಳಿಸುವುದು ತಮ್ಮ ಧರ್ಮವೆಂದು ಅವರು ತಿಳಿದಿದ್ದರು.

"ನಿರ್ಣಾದ ಬೀಗರಿಂದ ಒಂದು ಶಾಲು, ಐದು ನೂರಾ ಒಂದು ರೂಪಾಯಿ! ಮಿತ್ರ ಮಂಡಳಿಯಿಂದ ಒಂದು ಮಿಕ್ಸರ್! ಮುಂದ ಯಾರಪಾ? ಹೆಸರು ಹೇಳು, ಊರು ಹೇಳು."

"ಕಲ್ಲಿನಾಥ್ರಿ. ಮಂಠಾಳ."

"ಎಷ್ಟು?"

"ಅರವತ್ತು ಸಾವಿರ್ರಿ."

ಮಾಸ್ತರರು ಮೈಕಿಗೆ ಕೈ ಅಡ್ಡ ಹಿಡಿದರು. ಅಡ್ಡ ಹಿಡಿದದ್ದು ತಪ್ಪು ಕಡೆ. "ತಮ್ಮಾ, ಬಿಸಿಲಿಗಿ ತಲಿ ತಿರುಗ್ಯಾದೇನು? ಒಂದು ಕಡಿ ಕೂಡು, ನೀರು ಕುಡಿ" ಎಂದು ಅವರು ಮೆಲ್ಲಗೆ ಹೇಳಿದ್ದು ಮಂಟಪದ ನಾಲ್ಕೂ ಮೂಲೆಗೆ ಕೇಳಿಸಿತು. ಕಲ್ಲಿನಾಥ ಪಾಕೀಟು ಬಿಚ್ಚಿ ತೋರಿಸಿದ. ಮಾಸ್ತರರು ಒಮ್ಮೆ ನೋಟನ್ನೂ ಒಮ್ಮೆ ಅವನ ಚಪ್ಪಲಿಯನ್ನೂ ನೋಡಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡರು.

"ಮಂಠಾಳದ... ಶ್ರೀಮಾನ್... ಶ್ರೀ ಕಲ್ಲಿನಾಥ ಸಾಹುಕಾರರಿಂದ, ಅರವತ್ತು, ಸಾವಿರ, ರೂಪಾಯಿ!"

ಸನಾದಿ ಊದುವವನ ಉಸಿರು ನಡುವೆಯೇ ನಿಂತಿತು. ಗಂಡಿನ ಅಪ್ಪ ಎದ್ದು ನಿಂತು "ಯಾರವ್ರು? ಯಾರವ್ರು?" ಎಂದು ಕೇಳತೊಡಗಿದರು. ಒಬ್ಬ ಸಕ್ಕರೆ ಕಾರ್ಖಾನೆಯ ಮಾಲಕ ಎಂದ, ಇನ್ನೊಬ್ಬ ಅಲ್ಲ, ಮುಂದಿನ ಚುನಾವಣೆಗೆ ನಿಲ್ಲುವವನು ಎಂದ. ಯಾರೋ ಕಲ್ಲಿನಾಥನನ್ನು ಹಿಡಿದೆಳೆದು ಮುಂದಿನ ಸೋಫಾದಲ್ಲಿ ಕೂಡಿಸಿದರು, ಇನ್ಯಾರೋ ತಲೆಗೆ ರುಮಾಲು ಸುತ್ತಿದರು. ಸಾಹೇಬರ ಹೆಂಡತಿ ಯಶೋದಾಬಾಯಿ ಕಣ್ಣೊರೆಸಿಕೊಳ್ಳುತ್ತ ಆ ಪಾಕೀಟನ್ನು ಹಾಗೇ ಒಯ್ದು ಮಗಳ ಉಡಿಗೆ ಹಾಕಿದರು. ಸಾಹೇಬರು ಮಾತ್ರ ವೇದಿಕೆಯ ಮೇಲೆ ಫೋಟೋಕ್ಕೆ ನಿಂತವರು ಬಾಯಿ ತೆರೆದುಕೊಂಡೇ ನಿಂತಿದ್ದರು. ಆ ಫೋಟೋ ಅವರ ಆಲ್ಬಮ್ಮಿನಲ್ಲಿ ಈಗಲೂ ಇದೆ.

ರೊಕ್ಕ ಬ್ಯಾಂಕಿಗೆ ಮುಟ್ಟಿದೆಯೆಂದೇ ನಂಬಿ ಗಂಡನ ಜೊತೆ ಬಂದಿದ್ದ ಚಂದಮ್ಮ ಊಟದ ಪಂಕ್ತಿಯಲ್ಲಿ ಹುಗ್ಗಿಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು. ಮೈಕಿನ ಮಾತು ಕೇಳಿ ಅವಳ ಕೈ ಹಾಗೇ ನಿಂತಿತು. ಬಡಿಸುವವನು ಅವಳು ಸಾಕು ಅನ್ನಲಿಲ್ಲವೆಂದು ಹಾಕುತ್ತಲೇ ಇದ್ದ.

"ವೈನಿ, ಸಾಹುಕಾರರು ನಿಮ್ಮ ಮನಿಯವರೇನ್ರಿ?" ಎಂದು ಪಕ್ಕದ ಹೆಂಗಸು ಜರಿ ಸೀರೆ ಸರಿಸಿ ಜಾಗ ಮಾಡಿಕೊಟ್ಟಳು.

"ಹೌದ್ರಿ" ಎಂದಳು ಚಂದಮ್ಮ, ತುಪ್ಪದಲ್ಲಿ ಮುಳುಗಿದ ಹುಗ್ಗಿಯನ್ನು ನೋಡುತ್ತ. "ಇವತ್ತಿನ ಮಟ್ಟಿಗಿ ಹೌದು."

ವಾಪಸ್ ಬರುವ ಬಸ್ಸಿನಲ್ಲಿ ಕಲ್ಲಿನಾಥ ರುಮಾಲು ತೆಗೆಯದೆ ತನ್ನ ಉಪಾಯವನ್ನೆಲ್ಲ ವಿವರಿಸಿದ. ಚಂದಮ್ಮ ಪೂರ್ತಿ ಕೇಳಿದಳು.

"ಇದು ಬೋನಸ್ಸಿನ ರೊಕ್ಕ ಅಂತ ಸಾಹೇಬ್ರಿಗಿ ಹೇಳಿದ್ರೇನು?"

"ಹೇಳೂದೇನು? ಅವರು ಶಾಣ್ಯಾರ ಇದ್ದಾರ. ಅರವತ್ತು ಕೊಟ್ಟಿದ್ರು, ಅರವತ್ತು ಬಂತು. ತಿಳೀತದ."

"ನನ್ನ ಹೋತಗೊಳು" ಎಂದಳು ಚಂದಮ್ಮ. ಊರು ಬರುವತನಕ ಆಮೇಲೆ ಏನೂ ಅನ್ನಲಿಲ್ಲ. ಅವಳು ಬೈದಿದ್ದರೆ ಕಲ್ಲಿನಾಥನಿಗೆ ಧೈರ್ಯವಿರುತ್ತಿತ್ತು.

ಅವರಿಗಿಂತ ಮೊದಲೇ ಸುದ್ದಿ ಮಂಠಾಳ ಮುಟ್ಟಿತ್ತು. ಪಂಡರಿ ಕಾಕಾ ಬಸ್ ಸ್ಟ್ಯಾಂಡಿನಲ್ಲೇ ಹಾರ ಹಿಡಿದು ನಿಂತಿದ್ದ. ಮರುದಿನ ಬೆಳಗಾಗುವುದರೊಳಗೆ ಮನೆಯ ಮುಂದೆ ನೆಂಟರು. ನಿರ್ಣಾದಿಂದ ಬಂದ ದೂರದ ಅಣ್ಣ ಮಗನ ಲಗ್ನಪತ್ರಿಕೆ ಕೊಟ್ಟು, "ಸಾಹೇಬನ ಮಗಳಿಗಿ ಅಷ್ಟು ಅಂದ್ರ ರಕ್ತಸಂಬಂಧಕ್ಕ ಎಷ್ಟು ಅಂತ ನಾ ಕೇಳಾಂಗಿಲ್ಲ. ಅದು ನಿನ್ನ ಮನಸ್ಸು" ಎಂದ. ಕೊಡಂಬಲದ ಒಬ್ಬ ಅತ್ತೆ, ಕಲ್ಲಿನಾಥನ ತಂದೆ ತೀರಿಕೊಂಡಾಗಲೂ ಬಾರದಿದ್ದವಳು, ಅವನ ಗದ್ದ ಹಿಡಿದು ಅತ್ತು, ಮನೆ ಕಟ್ಟಿಸುತ್ತಿರುವುದಾಗಿ ತಿಳಿಸಿದಳು. ಎಲ್ಲರಿಗೂ ಚಹಾ ಮಾಡಿ ಮಾಡಿ ಚಂದಮ್ಮನ ಹಾಲು ಮುಗಿಯಿತು.

ನೆಂಟರನ್ನು ಕಾಕಾನ ವಶಕ್ಕೆ ಬಿಟ್ಟು, ಸೋನಾಲಿಯನ್ನು ಸೊಂಟಕ್ಕೆ ಏರಿಸಿಕೊಂಡು, ಚಂದಮ್ಮ ಗಂಡನ ಜೊತೆ ಹುಮನಾಬಾದಿಗೆ ಹೊರಟಳು. "ಪತ್ರ ಕೊಡ್ತಾರ, ತಗೊಂಡು ಬರೂದಷ್ಟೇ" ಎಂದು ಕಲ್ಲಿನಾಥ ದಾರಿಯುದ್ದಕ್ಕೂ ಹೇಳಿದ.

ಪೂನಂ ಮೇಡಂ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದಳು. "ರೊಕ್ಕ ಬಂದಿಲ್ರಿ ಕಲ್ಲಿನಾಥ ಅವ್ರೇ."

"ಮುಟ್ಟ್ಯಾದ್ರಿ ಮೇಡಂ. ಆಯೇರಿ ಮಾಡೀನಿ. ಮೈಕಿನ್ಯಾಗ ಹೇಳ್ಯಾರ, ಇಡೀ ಕಲ್ಯಾಣ ಕೇಳ್ಯಾದ."

"ಅದು ಸಾಹೇಬ್ರ ಮಗಳಿಗಿ ಮಾಡೀರಿ. ಕಂಪನಿಗಿ ಮಗಳಿಲ್ರಿ."

ಈ ತೊಡಕನ್ನು ಕಲ್ಲಿನಾಥ ಯೋಚಿಸಿರಲಿಲ್ಲ. ಅವನು ತಲೆ ಕೆರೆದುಕೊಳ್ಳುತ್ತಿರುವಾಗ ಒಳಗಿನಿಂದ ಸಾಹೇಬರೇ ಓಡಿ ಬಂದು, ಅವನ ರಟ್ಟೆ ಹಿಡಿದು, ಎಲ್ಲರನ್ನೂ ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಮಗಳ ಮದುವೆ ಮಾಡಿದ ಕಳೆ ಅವರ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

"ಏನು ಮಾಡಿಟ್ಟೀಪಾ ಮಾರಾಯ! ನೀ ನನಗ ಲಂಚ ಕೊಟ್ಟೀದಿ ಅಂತ ಕಾರ್ಖಾನಿ ತುಂಬ ಮಾತು. ಅದು ಹೋಗಲಿ, ಬೀಗರು ಏನಂತಾರ ಗೊತ್ತದೇನು? ಬಾಯ್ಲರಿನವನೇ ಅರವತ್ತು ಸಾವಿರ ಹಾಕಿದ್ರ, ಮ್ಯಾನೇಜರ್ ಅಳಿಯಗ ಬರೀ ಒಂದು ಉಂಗುರ ಹಾಕ್ಯಾನಲ್ಲ ಅಂತಾರ!"

"ತಪ್ಪಾತ್ರಿ ಸಾಹೇಬ್ರ. ಅದು ಬೋನಸ್ಸಿನ ರೊಕ್ಕರಿ. ವಾಪಸ್ ಕೊಟ್ಟದ್ರಿ" ಎಂದ ಕಲ್ಲಿನಾಥ. ಈಗ ಅವನ ತಲೆಯ ಮೇಲೆ ರುಮಾಲು ಇರಲಿಲ್ಲ.

ಸಾಹೇಬರು ಕುರ್ಚಿಯಲ್ಲಿ ಕುಸಿದರು. ಪಾಕೀಟು ಮಗಳ ಉಡಿ ಸೇರಿ, ಮಗಳು ಗಂಡನ ಮನೆ ಸೇರಿದ್ದಳು. ಬೀಗರ ಮನೆಗೆ ಹೋಗಿ ಉಡಿಯೊಳಗಿನದನ್ನು ತಿರುಗಿ ಕೇಳುವ ಗಂಡಸು ಬೀದರ ಜಿಲ್ಲೆಯಲ್ಲಿ ಹುಟ್ಟಿಲ್ಲ.

"ನಿಮ್ಮ ಕಿಸೇದಿಂದ ಕೊಡ್ರಿ ಸಾಹೇಬ್ರ" ಎಂದಳು ಚಂದಮ್ಮ. "ನಾ ಹೋತ ಮಾರಿ ತಂದ ರೊಕ್ಕ ಅದು. ಶುಕ್ರವಾರ ದಾಟಿದ್ರ ಇವರ ಡೇರಿ ಕೆಲಸ ಹೋಗ್ತದ. ನನ್ನ ಕೂಸು ಇನ್ನೂ ಕಂಡಕ್ಟರಗ ಅಪ್ಪಾ ಅನಕೋತ ಕೂಡಬೇಕೇನ್ರಿ?" ಪೂನಂ ಮೇಡಂ ನೀರಿನ ಲೋಟ ಮುಂದೆ ಸರಿಸಿದಳು.

ಸಾಹೇಬರು ಒಳ್ಳೆಯವರೇ. ಕೊಡೋಣ ಎಂದು ಹೆಂಡತಿಗೆ ಫೋನು ಹಚ್ಚಿದರು. ಯಶೋದಾಬಾಯಿಯ ದನಿ ಸ್ಪೀಕರ್ ಹಾಕದೆಯೇ ಕೋಣೆ ತುಂಬ ಕೇಳಿಸಿತು. "ಆಯೇರಿ ಹಾಕಿದವ್ರಿಗಿ ಆಫೀಸಿಗಿ ಕರೆಸಿ ರೊಕ್ಕ ಎಣಿಸಿ ಕೊಡ್ತೀರೇನು? ಮಾರಿ ಮ್ಯಾಲ ಒಗದಂಗ ಆಗ್ತದ! ನಾಳಿ ನಮ್ಮ ಬೀಗರ ಕಿವಿಗಿ ಬಿದ್ರ ಇವರು ಆಯೇರಿ ತಿರುಗಿ ಕೊಡೋ ಮಂದಿ ಅಂತಾರ. ಆ ಕಲ್ಲಿನಾಥನ ಮನ್ಯಾಗ ಏನಾರ ಕಾರ್ಯ ಆಗಲಿ, ಮ್ಯಾಲ ಕೂಡಿಸಿ ಹಾಕೋಣ. ಅಲ್ಲೀತನ ಒಂದು ಪೈಸಾ ಕೊಟ್ರ ನಾ ತವರಿಗಿ ಹೋಗ್ತೀನಿ." ಫೋನು ಬಂದ್ ಆಯಿತು.

"ನಿಮ್ಮನ್ಯಾಗ ಏನಾರ ಕಾರ್ಯ ಅದೇನಪಾ?" ಎಂದು ಸಾಹೇಬರು ದೀನರಾಗಿ ಕೇಳಿದರು. "ಲಗ್ನ? ಮನಿ ಶಾಂತಿ?"

"ಏನೂ ಇಲ್ರಿ."

ಸೋನಾಲಿ ಮೇಜಿನ ಕೆಳಗಿನಿಂದ ಎದ್ದು ಬಂದು ಪೂನಂ ಮೇಡಂನ ಪೆನ್ನಿಗೆ ಕೈ ಹಾಕಿದಳು. ಕಣ್ಣಿನ ಮೇಲೆಲ್ಲ ಕೂದಲು.

"ಅಯ್ಯ, ಕೂಸಿಗಿ ಕಣ್ಣೇ ಕಾಣಸಂಗಿಲ್ಲ. ಕೂದಲು ಯಾಕ ತೆಗಸಿಲ್ರಿ?" ಎಂದಳು ಪೂನಂ.

"ಜವಳ ಆಗಿಲ್ರಿ. ಮೊದಲನೇ ಕೂದಲು, ಹಂಗ ಕತ್ರಿ ಹಾಕಾಕ ಬರೂದಿಲ್ಲ. ನಾಕು ಮಂದಿಗಿ ಕರದು ಕಾರ್ಯ ಮಾಡಬೇಕು..."

ಚಂದಮ್ಮ ಮಾತು ಅಲ್ಲಿಗೇ ನಿಲ್ಲಿಸಿದಳು. ಸಾಹೇಬರು ನಿಧಾನವಾಗಿ ಕುರ್ಚಿಯಿಂದ ಎದ್ದರು. ಮೂವರೂ ಸೋನಾಲಿಯ ತಲೆಯನ್ನು ನೋಡಿದರು. ಕಲ್ಲಿನಾಥನೊಬ್ಬ ಏನಾಗುತ್ತಿದೆ ಎಂದು ತಿಳಿಯದೆ ಎಲ್ಲರ ಮುಖ ನೋಡಿದ.

ಊರ ಅಯ್ಯನವರು ಪಂಚಾಂಗ ತಿರುವಿ, ಜವಳಕ್ಕೆ ಶ್ರಾವಣದವರೆಗೆ ದಿನವೇ ಇಲ್ಲ ಎಂದರು. ಚಂದಮ್ಮ ಒಂದು ಡಬ್ಬಿ ತುಪ್ಪವನ್ನು ಪಂಚಾಂಗದ ಪಕ್ಕದಲ್ಲಿಟ್ಟು, "ಈ ಶುಕ್ರವಾರ ಇನ್ನೊಮ್ಮೆ ನೋಡ್ರಿ ಅಯ್ಯನೋರ" ಎಂದಳು. ಅವರು ಕನ್ನಡಕ ಒರೆಸಿಕೊಂಡು ನೋಡಿದಾಗ ಮುಂಜಾನೆಯ ಹೊತ್ತಿನಲ್ಲಿ ಸಣ್ಣದೊಂದು ಮುಹೂರ್ತ ಇದ್ದದ್ದು ಕಣ್ಣಿಗೆ ಬಿತ್ತು.

ಶುಕ್ರವಾರ ಮಂಠಾಳಕ್ಕೆ ಮಂಠಾಳವೇ ಕಲ್ಲಿನಾಥನ ಅಂಗಳದಲ್ಲಿತ್ತು. ಪಂಡರಿ ಕಾಕಾ ಪೆಂಡಾಲು ಹಾಕಿಸಿ, ಮಾಣಿಕಪ್ಪ ಮಾಸ್ತರರನ್ನು ಮೈಕಿನ ಸಮೇತ ಕರೆಸಿದ್ದ. ನಿರ್ಣಾದ ಅಣ್ಣ, ಕೊಡಂಬಲದ ಅತ್ತೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಸೋನಾಲಿ ತನ್ನ ಕೂದಲು ಉದುರುವುದನ್ನು ಕಂಡು ಕಿರುಚುವಷ್ಟು ಕಿರುಚಿ, ಕೊಬ್ಬರಿ ಸಿಕ್ಕಮೇಲೆ ಸುಮ್ಮನಾದಳು. ಆಗ ಸಾಹೇಬರ ಕಾರು ಬಂತು. ಸಾಹೇಬರು, ಯಶೋದಾಬಾಯಿ, ಹಿಂದೆ ಪೂನಂ ಮೇಡಂ. ಆವತ್ತೇ ಕೊನೆಯ ದಿನವಾದ್ದರಿಂದ ಅವಳು ದೊಡ್ಡ ಆಫೀಸಿಗೆ ಫೋನು ಮಾಡಿ, ರೊಕ್ಕವನ್ನು ಕೈಯಲ್ಲೇ ತೆಗೆದುಕೊಳ್ಳುವ ಒಪ್ಪಿಗೆ ಪಡೆದು, ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಬಂದಿದ್ದಳು.

"ಹುಮನಾಬಾದ ಕಂಪನಿಯ ಮ್ಯಾನೇಜರ್ ಸಾಹೇಬರಿಂದ ಕೂಸಿಗಿ ಒಂದು ಫ್ರಾಕು, ಮತ್ತ ಅರವತ್ತು ಸಾವಿರದ ಒಂದು ನೂರಾ ಒಂದು ರೂಪಾಯಿ!"

ಈ ಸಲ ಮಾಸ್ತರರಿಗೆ ರೂಢಿಯಾಗಿತ್ತು, ಕೆಮ್ಮಲಿಲ್ಲ. ಜನ ಮಾತ್ರ ಹೋ ಎಂದರು. "ನೋಡ್ರಿ ನಮ್ಮ ಹುಡುಗನ ಕಿಮ್ಮತ್ತು!" ಎಂದು ಪಂಡರಿ ಕಾಕಾ ಮೀಸೆ ತಿರುವಿದ. ಕೊಡಂಬಲದ ಅತ್ತೆ, ಮನೆಗೆ ಮೇಲೊಂದು ಮಹಡಿ ಎಬ್ಬಿಸುವ ವಿಚಾರವನ್ನು ಪಕ್ಕದವರಿಗೆ ಹೇಳತೊಡಗಿದಳು. ಕಲ್ಲಿನಾಥ ನೋಟಿನ ಕಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಪೂನಂ ಮೇಡಂಗೆ ಇದನ್ನು ಯಾರಿಗೂ ಕಾಣದಂತೆ ತೆಂಗಿನಕಾಯಿಯ ಚೀಲದಲ್ಲಿ ಹಾಕಿ ಕೊಟ್ಟರೆ ಹೇಗೆ? ಅವನ ಮುಖದ ಮೇಲೆ ಒಂದು ಕಳೆ ಮೂಡಿತು. ಆ ಕಳೆಯನ್ನು ಚಂದಮ್ಮ ಬಲ್ಲಳು. ಬುದ್ಧಿ ಬರುತ್ತಿದೆ.

ಅವಳು ಕಟ್ಟನ್ನು ಕಸಿದುಕೊಂಡು ನೇರ ಮೈಕಿನ ಮುಂದೆ ಹೋಗಿ ನಿಂತಳು.

"ಎಲ್ಲಾರೂ ಕೇಳ್ರಿ. ಇದು ಇನಾಮು ಅಲ್ಲ, ಏನೂ ಅಲ್ಲ. ನಮ್ಮನಿಯವರು ಕಂಪನಿ ಬಿಟ್ಟು ಹೋಗಬಾರದಂತ ಕಂಪನಿ ಕೊಟ್ಟ ರೊಕ್ಕ. ಈಗ ಬಿಡಾಕತ್ತಾರ, ಅದಕ್ಕ ವಾಪಸ್ ಕೊಡಾಕತ್ತೀವಿ. ನಾವು ಸಾಹುಕಾರರಲ್ಲ. ಯಾರ ಲಗ್ನಕ್ಕ ಬಂದ್ರೂ ನೂರಾ ಒಂದೇ ಹಾಕೋವ್ರು" ಎಂದು ನೂರಾ ಒಂದನ್ನು ಸೆರಗಿಗೆ ಕಟ್ಟಿಕೊಂಡು, ಉಳಿದದ್ದನ್ನು ಎಲ್ಲರೆದುರಿಗೆ ಪೂನಂ ಮೇಡಂನ ಕೈಗಿಟ್ಟಳು.

ಕಲ್ಲಿನಾಥ ನೆಲ ನೋಡಿದ. ಇನಾಮುದಾರಿಕೆ ಹೋಯಿತು, ಇನ್ನು ಹೋಟೆಲಿನ ಮುಂದೆ ಹಾಯುವುದು ಹೇಗೆ? ಪಂಡರಿ ಕಾಕಾ ಎದ್ದು ಹತ್ತಿರ ಬಂದ.

"ಅಂದ್ರ ನೀ ಹೋಗಬಾರದಂತ ನಿನಗ ರೊಕ್ಕ ಕೊಟ್ಟಿದ್ರೇನು?"

"ಹೌದು ಕಾಕಾ."

ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿನಗ? ಇರು ಅಂತ? ಯಪ್ಪಾ, ಇನಾಮಿಗಿಂತ ಇದೇ ದೊಡ್ಡದಲ್ಲೋ! ಇಷ್ಟು ವರ್ಷದಾಗ ನಿನಗ ಹೋಗು ಅಂದವರನ್ನ ನೋಡೀನಿ, ಇರು ಅಂದವರನ್ನ ಇದೇ ಮೊದಲ ಕೇಳಾಕತ್ತೀನಿ." ಮೊದಲು ಸಾಹೇಬರು ನಕ್ಕರು, ಆಮೇಲೆ ಯಶೋದಾಬಾಯಿ, ಆಮೇಲೆ ಇಡೀ ಅಂಗಳ. ಕೊಡಂಬಲದ ಅತ್ತೆ ಮಾತ್ರ ನಗದೆ ಚಪ್ಪಲಿ ಹುಡುಕತೊಡಗಿದಳು.

ಪೂನಂ ಮೇಡಂ ನೋಟು ಎಣಿಸಿ, ಬ್ಯಾಗಿನಿಂದ ಪತ್ರ ತೆಗೆದು ಚಂದಮ್ಮನ ಕೈಗೇ ಕೊಟ್ಟಳು. "ಮುಗೀತ್ರಿ ಅಕ್ಕಾ. ಇನ್ನ ಮ್ಯಾಲ ಕಲ್ಲಿನಾಥ ಅವರನ್ನ ಹಿಡಿಯವರು ಯಾರೂ ಇಲ್ಲ. ಎಲ್ಲಿಗಿ ಬೇಕಾದ್ರೂ ಹೋಗಬಹುದು."

"ಎಲ್ಲಿಗಿ ಬೇಕಾದ್ರೂ ಅಲ್ರಿ ಮೇಡಂ" ಎಂದಳು ಚಂದಮ್ಮ, ಪತ್ರ ಮಡಚುತ್ತ. "ಮುಂಜಾನಿ ಕಲ್ಯಾಣಕ್ಕ, ಸಂಜೀಕ ಮನಿಗಿ."

ಮಾಣಿಕಪ್ಪ ಮಾಸ್ತರರು ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡರು.

"ಚಂದಮ್ಮನವರಿಂದ ಕಲ್ಲಿನಾಥನವರಿಗಿ," ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು, "ಮುಂಜಾನಿ ಕಲ್ಯಾಣಕ್ಕ, ಸಂಜೀಕ ಮನಿಗಿ!"